ಬೆವರುವ ಗಾಜು

ಫೆಬ್ರವರಿ 3

ಮಾನ್ಯರೇ,

ತಮ್ಮ ಕನ್ನಡಿ ಅಂಗಡಿಯಲ್ಲಿ ಗಾಜನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಕೊಡುತ್ತೀರೆಂದು ಬಲ್ಲೆ. ನಮ್ಮ ಪ್ರಯೋಗಾಲಯಕ್ಕೆ ಎರಡು ಮಿಲಿಮೀಟರ್ ದಪ್ಪದ, ಎರಡೂವರೆ ಸೆಂಟಿಮೀಟರ್ ಚೌಕದ ಮೂವತ್ತು ತುಂಡುಗಳು ಬೇಕಾಗಿವೆ. ಅಂಚು ನೇರವಿರಬೇಕು, ಮೂಲೆ ಮುರಿದಿರಬಾರದು. ಸಾಧಾರಣ ಕಿಟಕಿ ಗಾಜಾದರೆ ಸಾಕು. ನಾವು ಬಳಸುವ ಶುದ್ಧ ಗಾಜು ಮುಗಿದಿದೆ, ಹೊಸ ಪೆಟ್ಟಿಗೆ ಬರಲು ಎರಡು ತಿಂಗಳಾಗುತ್ತದಂತೆ. ಅಲ್ಲಿಯವರೆಗೆ ಕೈ ಪಳಗಿಸಿಕೊಳ್ಳಲು ಮಾತ್ರ ಇವು.

ಇಲ್ಲಿಯ ಗಾಜಿನಂಗಡಿಗಳಲ್ಲಿ ಇಷ್ಟು ಚಿಕ್ಕ ತುಂಡು ಕೇಳಿದರೆ ನಗುತ್ತಾರೆ. ಒಬ್ಬರು ನಗದೆ ಹತ್ತು ತುಂಡು ಕತ್ತರಿಸಿ ಕೊಟ್ಟರು. ಅದರಲ್ಲಿ ಒಂದೂ ಚೌಕವಾಗಿರಲಿಲ್ಲ. ಹಾಗಾಗಿ ತಮಗೆ ಬರೆಯಬೇಕಾಯಿತು.

ಇಂತಿ,
ತೆಳುಪದರ ಪ್ರಯೋಗಾಲಯದ ಸಂಶೋಧಕಿ

ಮರೆತ ಮಾತು: ಫೋನ್ ಮಾಡೋಣವೆಂದು ಎರಡು ಸಲ ಕೈಗೆತ್ತಿಕೊಂಡೆ. ಹದಿನಾಲ್ಕು ತಿಂಗಳ ಮೇಲೆ ಮೊದಲ ಮಾತು ಏನು ಆಡಬೇಕೆಂದು ತೋಚಲಿಲ್ಲ.


ಫೆಬ್ರವರಿ 12

ಮಾನ್ಯ ಸಂಶೋಧಕಿಯವರಿಗೆ,

ತಮ್ಮ ಪತ್ರ ಕೈಸೇರಿತು. ಮೂವತ್ತು ತುಂಡು ಕೇಳಿದ್ದೀರಿ, ಮೂವತ್ತೆರಡು ಕಳಿಸಿದ್ದೇನೆ. ಎರಡು ಅಂಚೆಯವರ ಪಾಲು. ಅವರು ದೊಡ್ಡ ಮನಸ್ಸು ಮಾಡಿ ಒಡೆಯದೆ ಬಿಟ್ಟರೆ ಅವೂ ತಮ್ಮವೇ. ಹಳೆಯ ದಾಸ್ತಾನಿನ ಕಿಟಕಿ ಗಾಜು, ಕನ್ನಡಿಗೆ ಬಾರದೆ ಮೂಲೆಯಲ್ಲಿ ನಿಂತಿತ್ತು. ಒಂದೊಂದು ತುಂಡಿನ ನಡುವೆ ಕಾಗದ ಇಟ್ಟಿದ್ದೇನೆ. ಸುತ್ತಲೂ ತುಂಬಿರುವ ಮರದ ಹೊಟ್ಟು ಎದುರು ಅಂಗಡಿಯವರದು. ಅವರು ಫೋಟೋ, ಕನ್ನಡಿಗಳಿಗೆ ಚೌಕಟ್ಟು ಮಾಡುತ್ತಾರೆ. ಈ ಬೀದಿಗೆ ಬಂದು ಆರು ತಿಂಗಳಾಯಿತು. ತಾವು ಅವರನ್ನು ನೋಡಿಲ್ಲ.

ಅಂಚುಗಳನ್ನು ಸಾಣೆ ಹಿಡಿದಿದ್ದೇನೆ, ಆದರೂ ಬೆರಳು ಜೋಪಾನ. ಆರು ವರ್ಷದ ಒಬ್ಬ ಹುಡುಗಿ ಈ ಅಂಗಡಿಯ ನೆಲದಿಂದ ಗಾಜಿನ ಚೂರು ಆರಿಸಿ ಫ್ರಾಕಿನ ಜೇಬಿಗೆ ತುಂಬಿಕೊಳ್ಳುತ್ತಿದ್ದಳು. ಬೈದರೂ ಬಿಡಲಿಲ್ಲ, ಕೈ ಕುಯ್ದರೂ ಬಿಡಲಿಲ್ಲ. ಕೊನೆಗೆ ಅವಳಿಗೆ ಚೂರು ಎಂದೇ ಹೆಸರಾಯಿತು. ಅವಳ ಪರಿಚಯ ತಮಗಿದ್ದರೆ, ಚಿಕ್ಕಪ್ಪ ಕೇಳಿದನೆಂದು ಹೇಳಿ.

ಇಂತಿ,
ಕನ್ನಡಿ ಅಂಗಡಿ

ಮರೆತ ಮಾತು: ಫೋನ್ ಮಾಡದಿದ್ದದ್ದು ಒಳ್ಳೆಯದಾಯಿತು. ಇಲ್ಲಿ ಸಾಣೆಯ ಸದ್ದು, ಏನೂ ಸರಿಯಾಗಿ ಕೇಳಿಸುವುದಿಲ್ಲ. ಕಾಗದವೇ ವಾಸಿ.


ಫೆಬ್ರವರಿ 27

ಚಿಕ್ಕಪ್ಪ,

ಸಂಶೋಧಕಿ, ಮಾನ್ಯರು ಎಲ್ಲ ಸಾಕು. ಬರೆಯುವಾಗ ನನಗೇ ನಗು ಬರುತ್ತಿತ್ತು.

ಮೂವತ್ತೆರಡೂ ಒಡೆಯದೆ ಬಂದವು. ನಮ್ಮ ಲ್ಯಾಬಿನವರು ಸೂಕ್ಷ್ಮ ಅಳತೆಯ ವರ್ನಿಯರ್ ತಂದು ಒಂದೊಂದನ್ನೂ ಅಳೆದರು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. "ಯಾವ ಮಷೀನಲ್ಲಿ ಕತ್ತರಿಸ್ತಾರೆ?" ಎಂದು ಒಬ್ಬ ಕೇಳಿದ. "ನಮ್ಮ ಚಿಕ್ಕಪ್ಪನ ಬಲಗೈಲಿ" ಎಂದೆ.

ನಾನಿಲ್ಲಿ ಏನು ಮಾಡುತ್ತಿದ್ದೇನೆಂದು ನಿನಗೆ ಹೇಳಿಯೇ ಇಲ್ಲ. ಗಾಜಿನ ಮೇಲೆ ಮೊದಲು ಲೋಹದ ತೆಳು ಲೇಪ. ಅದರ ಮೇಲೆ ತಾಮ್ರ, ತವರ ಕರಗಿಸಿದ ದ್ರಾವಣ ಸಿಂಪಡಿಸಿ, ಗಂಧಕದ ಹಬೆಯಲ್ಲಿ ಸುಡುತ್ತೇವೆ. ಎಲ್ಲ ನೆಟ್ಟಗಾದರೆ ಕಪ್ಪನೆಯ ಪದರವೊಂದು ಕೂರುತ್ತದೆ, ತಲೆಗೂದಲಿನ ಐವತ್ತರಲ್ಲೊಂದು ಪಾಲು ದಪ್ಪ. ಬಿಸಿಲು ಬಿದ್ದರೆ ಅದರಿಂದ ಕರೆಂಟು ಹುಟ್ಟುತ್ತದೆ. ಸೋಲಾರ್ ಪ್ಯಾನೆಲ್ಲನ್ನು ಇಷ್ಟು ತೆಳುವಾಗಿ, ಇಷ್ಟು ಅಗ್ಗದ ಸಾಮಾನಿನಿಂದ ಮಾಡಬಹುದೇ ಎಂಬುದೇ ಲ್ಯಾಬಿನ ಮುಖ್ಯಸ್ಥೆಯಾದ ನಮ್ಮ ಮೇಡಂ ಹತ್ತು ವರ್ಷದಿಂದ ಕೇಳುತ್ತಿರುವ ಪ್ರಶ್ನೆ. ಸದ್ಯಕ್ಕೆ ನನ್ನ ಪದರ ಹಪ್ಪಳದಂತೆ ಎದ್ದು ಬರುತ್ತಿದೆ.

ಇನ್ನೊಂದು ಮಾತು. ನಾನು ಇಲ್ಲಿಗೆ ಹೊರಟ ದಿನ ಬೆಳಿಗ್ಗೆ ನೃತ್ಯಶಾಲೆಯವರಿಗೆಂದು ನೀನು ಮಾಡುತ್ತಿದ್ದ ದೊಡ್ಡ ಕನ್ನಡಿ ಕೆಟ್ಟುಹೋಯಿತು. "ನೀನು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ" ಎಂದು ನೀನು ಬರೆದ ಒಂದು ಸಾಲಿನ ಕಾಗದ ನನ್ನ ಬಳಿ ಇದೆ. ಅದಕ್ಕೆ ನಾನು ಬರೆದ ಎರಡು ಸಾಲು ನಿನ್ನ ಬಳಿ ಇದ್ದರೆ ದಯವಿಟ್ಟು ಒಲೆಗೆ ಹಾಕು. ಹೆತ್ತವರು ಹೋದ ಮೇಲೆ ಆರರಿಂದ ಇಪ್ಪತ್ತನಾಲ್ಕರವರೆಗೆ ನಿನ್ನ ಅಡುಗೆ ತಿಂದು ಬೆಳೆದವಳು ನಾನು. ಒಂದು ದಿನ ತಡವಾಗಿ ಹೊರಟಿದ್ದರೆ ಲೋಕ ಮುಳುಗುತ್ತಿತ್ತೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ನನ್ನಿಂದಲೇ ಕೆಟ್ಟಿತೇ, ಚಿಕ್ಕಪ್ಪ?

ನಿನ್ನ
ಚೂರು


ಮಾರ್ಚ್ 14

ಚೂರು,

ತಾಮ್ರ, ತವರ, ಗಂಧಕ. ಅಲ್ಲವೇ ಮಗಳೇ, ಅಷ್ಟು ಓದಿ ಕೊನೆಗೆ ಪಾತ್ರೆ ಅಂಗಡಿಗೇ ಬಂದು ನಿಂತೆಯಾ? ತವರದ ನೀರು ನನಗೂ ಗೊತ್ತು. ಬೆಳ್ಳಿ ನೀರು ಸುರಿಯುವ ಮುಂಚೆ ಗಾಜಿಗೆ ಅದನ್ನೇ ಸವರುತ್ತೇನೆ. ಅದಿಲ್ಲದಿದ್ದರೆ ಬೆಳ್ಳಿ ಹಿಡಿಯುವುದಿಲ್ಲ. ಬಿದ್ದ ಬೆಳಕನ್ನು ವಾಪಸ್ ಕಳಿಸುವುದು ನನ್ನ ಕಸುಬು, ಹೋಗಲು ಬಿಡದೆ ಹಿಡಿದುಕೊಳ್ಳುವುದು ನಿನ್ನದು. ಗಾಜು ತೊಳೆಯುವುದು ಮಾತ್ರ ಇಬ್ಬರಿಗೂ ತಪ್ಪಿದ್ದಲ್ಲ.

ಹಪ್ಪಳದಂತೆ ಏಳುವುದು ಜಿಡ್ಡಿನಿಂದ. ಸೋಪು ನಂಬಬೇಡ. ತೊಳೆದ ಮೇಲೆ ಗಾಜಿನ ಮೇಲೆ ಉಸಿರು ಬಿಡು. ಮಂಜು ಒಂದೇ ಸಮನೆ ಹರಡಿ ಒಂದೇ ಸಮನೆ ಆರಿದರೆ ಗಾಜು ಶುದ್ಧ. ತೇಪೆ ತೇಪೆಯಾಗಿ ಆರಿದರೆ ಇನ್ನೊಮ್ಮೆ ತೊಳಿ. ಬೆರಳು ಮುಟ್ಟಿಸಿದೆಯೋ, ಮತ್ತೆ ಮೊದಲಿನಿಂದ.

ಇಲ್ಲಿ ಎಲ್ಲ ಕ್ಷೇಮ. ಎದುರಿನ ಚೌಕಟ್ಟಿನವರು ತಮ್ಮ ಬಾಗಿಲಿಗೆ ಒಂದು ಕರಿಹಲಗೆ ತೂಗುಹಾಕಿದ್ದಾರೆ, ನನ್ನ ಅಂಗಡಿಗೆ ಮುಖ ಮಾಡಿ. ನನ್ನ ಸಾಣೆಯ ಸದ್ದಿನಲ್ಲಿ ಅವರು ಕೂಗಿದ್ದು ಕೇಳುವುದಿಲ್ಲವಲ್ಲ, ಅದಕ್ಕೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. "ಗಿರಾಕಿ ನಿಂತಿದ್ದಾರೆ, ತಿರುಗಿ ನೋಡಿ." "ಊಟ ಆಯ್ತಾ?" ನಿನ್ನೆ "ಒಲೆ ಮೇಲೆ ಏನೋ ಸೀಯ್ತಿದೆ" ಎಂದು ಬರೆದಿದ್ದರು. ನೋಡಿದರೆ ನಿಜ.

ಇನ್ನೇನು. ಕೆಲಸ ನೋಡಿಕೋ. ಹಾಲು ಕುಡಿ.

ಇಂತಿ ನಿನ್ನ
ಚಿಕ್ಕಪ್ಪ


ಏಪ್ರಿಲ್ 9

ಚಿಕ್ಕಪ್ಪ,

ಕೂತಿದ್ದರೆ ಕೂತೇ ಓದು, ನಿಂತಿದ್ದರೆ ಕೂತುಕೋ.

ಬಂತು! ನೂರು ಪಾಲು ಬಿಸಿಲು ಬಿದ್ದರೆ ಪದರ ಕೂರಿಸಿದ ನಮ್ಮ ಗಾಜಿನ ಪ್ಲೇಟುಗಳು ಇಲ್ಲಿಯವರೆಗೆ ಒಂದೂವರೆ ಪಾಲನ್ನಷ್ಟೇ ಕರೆಂಟು ಮಾಡುತ್ತಿದ್ದವು. ಮೊನ್ನೆ ಶುಕ್ರವಾರ ನನ್ನದೊಂದು ನಾಲ್ಕು ಪಾಲು ಕೊಟ್ಟಿತು. ಮೀಟರೇ ಕೆಟ್ಟಿದೆಯೆಂದುಕೊಂಡು ತಂತಿ ಬಿಚ್ಚಿ ಕಟ್ಟಿದೆ. ಮತ್ತೆ ನಾಲ್ಕು. ಅಷ್ಟರಲ್ಲಿ ಮೇಡಂ ಹಿಂದೆ ಬಂದು ನಿಂತಿದ್ದರು. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. "ದೀಪ ಆರ್ಸಿ ಹಚ್ಚು" ಎಂದರು, ಬಿಸಿಲಿನ ಬದಲು ನಾವು ಉರಿಸುವ ದೀಪವನ್ನು. ಆಗಲೂ ನಾಲ್ಕು. ಆಮೇಲೆ ಅವರು ಎಲ್ಲರಿಗೂ ಐಸ್‌ಕ್ರೀಮ್ ತರಿಸಿದರು. ಎಂಟು ವರ್ಷದಿಂದ ಇಲ್ಲಿರುವವರು ಹೇಳಿದರು, ಮೇಡಂ ಐಸ್‌ಕ್ರೀಮ್ ತಿನ್ನುತ್ತಾರೆಂದೇ ಅವರಿಗೆ ಗೊತ್ತಿರಲಿಲ್ಲವಂತೆ.

ಆಗಸ್ಟಿನಲ್ಲಿ ದೊಡ್ಡ ಸಮಾವೇಶವಿದೆ. ಅಲ್ಲಿ ಇದನ್ನು ಹೇಳಬೇಕೆಂದಿದ್ದಾರೆ. ಅಷ್ಟರಲ್ಲಿ ಇಂಥದೇ ಇನ್ನೂ ಹತ್ತು ಮಾಡಿ ತೋರಿಸಬೇಕು. ಉಸಿರು ಬಿಟ್ಟು ನೋಡುವ ನಿನ್ನ ಉಪಾಯದಿಂದ ಪದರ ಏಳುವುದು ನಿಂತಿದೆ. ಹತ್ತೇನು, ನೂರು ಮಾಡಿಯೇನು!

ಕರಿಹಲಗೆಯಲ್ಲಿ ಈ ವಾರ ಏನು ಬರೆದಿದ್ದಾರೆ?

ನಿನ್ನ
ಚೂರು


ಏಪ್ರಿಲ್ 18

ಚೂರು,

ಕೂತೇ ಓದಿದೆ, ಆಮೇಲೆ ಎದ್ದು ನಿಂತು ಇನ್ನೊಮ್ಮೆ ಓದಿದೆ. ಬೀದಿಯಲ್ಲಿ ಹೇಳದವರಿಲ್ಲ. "ನಾಲ್ಕು ಬಂತಂತೆ" ಎಂದರೆ ಹಾಲಿನವರು "ನಾಲ್ಕು ಲೀಟರಾ?" ಎಂದರು. ಚೌಕಟ್ಟಿನವರಿಗೆ ಮಾತ್ರ ಅರ್ಥವಾಯಿತು. ಹಲಗೆಯ ತುಂಬ ಒಂದೇ ಅಂಕಿ ಬರೆದರು: 4. ಮೂರು ದಿನ ಅಳಿಸಲಿಲ್ಲ.

ನನಗೊಂದು ಕುತೂಹಲ. ಆ ಪ್ಲೇಟು ಯಾವ ಗಾಜಿನದು?

ಇಂತಿ ನಿನ್ನ
ಚಿಕ್ಕಪ್ಪ


ಮೇ 20

ಚಿಕ್ಕಪ್ಪ,

ತಡವಾಗಿ ಬರೆಯುತ್ತಿದ್ದೇನೆ. ಬರೆಯುವಂಥದ್ದು ಏನೂ ಇರಲಿಲ್ಲ.

ಆ ನಾಲ್ಕು ಮತ್ತೆ ಬರುತ್ತಿಲ್ಲ. ಹತ್ತೊಂಬತ್ತು ಪ್ಲೇಟು ಮಾಡಿದೆ. ಅದೇ ದ್ರಾವಣ, ಅದೇ ಬಿಸಿ, ಅದೇ ಫರ್ನೇಸ್. ಒಂದು, ಒಂದೂವರೆ, ಒಂದೂಕಾಲು. ಅದೃಷ್ಟಕ್ಕೆಂದು ಆ ಶುಕ್ರವಾರ ಹಾಕಿದ್ದ ಅಂಗಿಯನ್ನೇ ಹಾಕಿಕೊಂಡು ನೋಡಿದೆ. ಅಂಗಿ ಮಾಸಿತು, ಪ್ಲೇಟು ಜಪ್ಪಯ್ಯ ಅನ್ನಲಿಲ್ಲ.

ಮೇಡಂ ಬೈಯುತ್ತಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಿನಾ ಸಂಜೆ ನನ್ನ ಪಕ್ಕ ಸ್ಟೂಲ್ ಎಳೆದು ಕೂತು, "ಮತ್ತೆ ಮೊದಲಿಂದ ಹೇಳು, ಅವತ್ತು ಏನೇನ್ ಮಾಡ್ದೆ?" ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಗಂಧಕ ಬದಲಿಸಿದೆವು, ಫರ್ನೇಸಿನ ಕೊಳವೆ ಬದಲಿಸಿದೆವು. ಸಮಾವೇಶದವರಿಗೆ ಹೆಸರು ಕೊಟ್ಟಾಗಿದೆ.

ನಿನ್ನ ಬೀದಿಯವರಿಗೆ ಇನ್ನೇನೂ ಹೇಳಬೇಡ.

ಚೂರು


ಮೇ 29

ಚೂರು, ನನ್ನ ಮಗಳೇ,

ಯಾವ ಗಾಜೆಂದು ಕೇಳಿದ್ದೆ. ನೀನು ಉತ್ತರ ಬರೆಯಲಿಲ್ಲ. ನಾನು ತಪ್ಪು ಹಿಡಿಯಲಾರೆ. ನೀನು ಫೆಬ್ರವರಿಯಲ್ಲಿ ಕೇಳಿದ್ದಕ್ಕೆ ನಾನೂ ಉತ್ತರ ಬರೆದಿಲ್ಲ. ಹಿರಿಯವನು ನಾನು, ಮೊದಲು ನಾನೇ ಬರೆಯುತ್ತೇನೆ.

ನೃತ್ಯಶಾಲೆಯ ಕನ್ನಡಿ ನಿನ್ನಿಂದ ಕೆಡಲಿಲ್ಲ. ಬೆಳ್ಳಿ ನೀರು ಸುರಿದ ಮೇಲೆ ಹೊತ್ತು ನೋಡಿ ತೆಗೆಯಬೇಕೆಂದು ನಿನಗೆ ಗೊತ್ತು. ಹೊತ್ತು ಮೀರಿದರೆ ರಾಡಿ ಕೂತು ಬೆಳ್ಳಿ ಮಬ್ಬಾಗುತ್ತದೆ. ಅದಕ್ಕೇ ಗಂಟೆ ಹೊಡೆಯುವ ಗಡಿಯಾರ ಇಟ್ಟಿದ್ದೇನೆ. ಅವತ್ತು ಅದು ಹೊಡೆಯಿತು. ನಾನು ಬೆನ್ನು ತಿರುಗಿಸಿ ಮುಂದಿನ ಗಾಜು ಉಜ್ಜುತ್ತಿದ್ದೆ. ನನಗೆ ಕೇಳಿಸಲಿಲ್ಲ. ತಿರುಗಿ ನೋಡುವಾಗ ಎಲ್ಲ ಮುಗಿದಿತ್ತು.

ಸಾಣೆಯ ಸದ್ದು ಎಂದು ನಿನಗೆ ಬರೆದೆನಲ್ಲ. ಸಾಣೆ ನಿಂತಾಗಲೂ ನನಗೆ ಕೇಳಿಸುವುದಿಲ್ಲ, ಚೂರು. ಮೂರು ನಾಲ್ಕು ವರ್ಷದಿಂದ ಹೀಗೆ. ಗಂಟೆ ಹೊಡೆದಾಗಲೆಲ್ಲ ನೀನು "ಚಿಕ್ಕಪ್ಪಾ" ಎಂದು ತೋಳು ಮುಟ್ಟುತ್ತಿದ್ದೆ. ನಾನು ಕೇಳಿಸಿದವನಂತೆ ಎದ್ದು ಹೋಗುತ್ತಿದ್ದೆ. ನೀನು ಹೋದ ದಿನ ಮುಟ್ಟುವವರಿರಲಿಲ್ಲ. ನನ್ನ ಕಿವಿ ಹೋಗಿದೆಯೆಂದು ಒಪ್ಪಿಕೊಳ್ಳುವುದಕ್ಕಿಂತ ನೀನು ಬಿಟ್ಟುಹೋದೆ ಎನ್ನುವುದು ಸುಲಭವಾಯಿತು. ಒಂದು ಸಾಲು ಬರೆದು ಹಾಕಿದೆ. ಅದನ್ನು ಹದಿನೆಂಟು ತಿಂಗಳು ನೀನು ಹೊತ್ತುಕೊಂಡಿದ್ದೀಯೆ. ಇಳಿಸಿಬಿಡು. ಅದು ನನ್ನದು.

ಚೌಕಟ್ಟಿನವರು ನನ್ನ ಗುಟ್ಟು ಹಿಡಿದರು. ಹೋದ ವಾರ ಒಳಗೆ ಬಂದು, ನನ್ನ ಬೆನ್ನ ಹಿಂದೆ ನಿಂತು, ಕಬ್ಬಿಣದ ಸುತ್ತಿಗೆಯನ್ನು ನೆಲಕ್ಕೆ ಬಿಟ್ಟರಂತೆ. ನಾನು ತಿರುಗಲಿಲ್ಲ. ಅವರು ವಾಪಸ್ ಹೋಗಿ ಹಲಗೆಯಲ್ಲಿ ಆಳೆತ್ತರದ ಅಕ್ಷರದಲ್ಲಿ ಬರೆದರು: "ಕಿವಿ ಡಾಕ್ಟರಿಗೆ ತೋರಿಸಿ." ಇಡೀ ಬೀದಿ ಓದಿತು. ಮಾನ ಹೋಗುವುದು ಹೇಗೂ ಹೋಗಿತ್ತು, ಮರುದಿನವೇ ತೋರಿಸಿಕೊಂಡು ಬಂದೆ. ಕಿವಿಗೆ ಮಷೀನು ಹೇಳಿದ್ದಾರೆ.

ಈಗ ಗಾಜಿನ ಮಾತು. ನಿನಗೆ ಕಳಿಸಿದ್ದು ಬೆವರುವ ಗಾಜು. ಕಿಟಕಿ ಗಾಜಿನಲ್ಲಿ ಸೋಡಾ ಇರುತ್ತದೆ. ಹಳತಾದಂತೆ ಅದು ಮೇಲೆ ಬರುತ್ತದೆ, ಬಿಸಿ ತಗುಲಿದರೆ ಇನ್ನೂ ಬೇಗ. ನನ್ನ ಬೆಳ್ಳಿಗೆ ಅದು ಶತ್ರು, ಜೀವಮಾನವೆಲ್ಲ ಅದನ್ನು ತೊಳೆಯುವುದೇ ಆಯಿತು. ನಿನ್ನ ಪದರಕ್ಕೆ ಅದು ಏನೆಂದು ನಾನರಿಯೆ. ನೀನು ಅರಿತಿರಬಹುದು ಅನ್ನಿಸುತ್ತದೆ.

ಇಷ್ಟು ಬರೆಯಲು ನಾಲ್ಕು ದಿನವಾಯಿತು. ಬರೆದ ಮೇಲೆ ಹಸಿವಾಯಿತು.

ನಿನ್ನ
ಚಿಕ್ಕಪ್ಪ


ಜೂನ್ 24

ಚಿಕ್ಕಪ್ಪ,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ಕೂತು ಓದಿದೆ. ಓದಿ ಮುಖ ತೊಳೆದುಕೊಂಡು ನೇರ ಮೇಡಂ ಕೋಣೆಗೆ ಹೋದೆ. ಅಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

"ಮೇಡಂ, ಆ ಪ್ಲೇಟು ಶುದ್ಧ ಗಾಜಿಂದಲ್ಲ. ಕಿಟಕಿ ಗಾಜು" ಎಂದೆ.

"ಯಾವ ಪ್ಲೇಟು?"

"ನಾಲ್ಕು ಬಂದಿದ್ದು."

ಅವರು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. ಆ ಶುಕ್ರವಾರ ಬೆಳಿಗ್ಗೆಯೇ ಶುದ್ಧ ಗಾಜಿನ ಹೊಸ ಪೆಟ್ಟಿಗೆ ಬಂದಿತ್ತು. ಕಿಟಕಿ ಗಾಜನ್ನು ಕರೆಂಟಿನ ಅಳತೆಗೆ ಇಡಕೂಡದು ಎಂಬುದು ಇಲ್ಲಿಯ ಕಟ್ಟಪ್ಪಣೆ. ನಾನು ನಿನ್ನ ತುಂಡುಗಳ ಮೇಲೆ ಅಭ್ಯಾಸ ಮಾಡುತ್ತ ಹದಿನೈದು ಕೆಡಿಸಿದ್ದೆ. ಹದಿನಾರನೆಯದು ಮೊದಲ ಸಲ ಸರಿಯಾಗಿ ಕೂತಿತು, ಆಸೆಗೆ ದೀಪದ ಕೆಳಗಿಟ್ಟೆ. ಮೇಡಂ ಬಂದವರು "ಹೊಸ ಗಾಜಾ?" ಎಂದು ಕೇಳಿದರು. ನಾನು "ಹ್ಞೂಂ" ಎಂದೆ. ಒಂದೇ ಒಂದು ಹ್ಞೂಂ, ಚಿಕ್ಕಪ್ಪ. ಆಮೇಲೆ ಅದನ್ನೇ ಲ್ಯಾಬ್ ಪುಸ್ತಕದಲ್ಲೂ ಬರೆಯಬೇಕಾಯಿತು. ಐಸ್‌ಕ್ರೀಮ್ ಬಂದ ಮೇಲೆ ಬಾಯಿ ತೆರೆಯುವುದು ಇನ್ನೂ ಕಷ್ಟವಾಯಿತು. ಗಾಜೇ ಕಾರಣವಿರಬಹುದೆಂದು ಹತ್ತನೆಯ ಪ್ಲೇಟಿನ ಹೊತ್ತಿಗೆ ನನಗೆ ಅನ್ನಿಸಿತ್ತು. ಅನ್ನಿಸಿದಷ್ಟೂ ಗಂಧಕದ ಮೇಲೆ ಗೂಬೆ ಕೂರಿಸಿದೆ.

"ಎಂಟು ವಾರ" ಎಂದರು ಮೇಡಂ. "ಎಂಟು ವಾರ ನಾನೂ ನೀನೂ ಕೂತು ಏನನ್ನ ಹುಡುಕ್ತಿದ್ವಿ, ಹೇಳು."

"ನನ್ನ ಸುಳ್ಳನ್ನ, ಮೇಡಂ."

ಅವರು ಲ್ಯಾಬ್ ಪುಸ್ತಕ ತರಿಸಿ, ನಾನು ಬರೆದಿದ್ದ ಸಾಲನ್ನು ನನ್ನ ಕೈಯಿಂದಲೇ ಹೊಡೆದುಹಾಕಿಸಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆಸಿ, ತಾರೀಕು ಹಾಕಿಸಿದರು. "ಸೋಮವಾರ ಎಲ್ಲರ ಮುಂದೆ ಇದನ್ನ ನೀನೇ ಓದ್ಬೇಕು" ಎಂದರು. ಓದುತ್ತೇನೆಂದು ತಲೆಯಾಡಿಸಿ ಬಾಗಿಲವರೆಗೆ ಬಂದಿದ್ದೆ.

"ಆ ಗಾಜು ಇನ್ನೂ ಇದೆಯಾ?"

"ಹದಿನಾರು ತುಂಡಿದೆ."

"ಮತ್ತೆ ನಿಂತ್ಕೊಂಡು ಏನ್ ನೋಡ್ತಿದ್ದೀಯ? ತಗೊಂಡ್ ಬಾ!"

ಎರಡು ತುಂಡು ಫರ್ನೇಸಿನಲ್ಲಿ ಸೀಳಿದವು. ಉಳಿದ ಹದಿನಾಲ್ಕರಲ್ಲಿ ಹದಿಮೂರು ಮೂರೂವರೆ ದಾಟಿದವು. ಒಂದು ನಾಲ್ಕೂಕಾಲು! ನಿನ್ನ ಸೋಡಾ ಬಿಸಿಗೆ ಗಾಜಿನಿಂದೆದ್ದು, ಲೋಹದ ಲೇಪ ದಾಟಿ, ನಮ್ಮ ಪದರದೊಳಗೆ ಹೋಗುತ್ತಿದೆ. ಅಲ್ಲಿ ಹರಳುಗಳು ದಪ್ಪಗೆ ಒತ್ತಾಗಿ ಬೆಳೆಯುತ್ತಿವೆ. ಬೇರೆ ಜಾತಿಯ ಕೆಲವು ಪದರಗಳಲ್ಲಿ ಹೀಗಾಗುತ್ತದೆಂದು ಪುಸ್ತಕದಲ್ಲಿ ಓದಿದ್ದೆವು, ನಮ್ಮ ಮಿಶ್ರಣದಲ್ಲಿ ನೋಡಿರಲಿಲ್ಲ. ನಾವೇ ಹುಷಾರಾಗಿ, ದೂರದಿಂದ ತರಿಸಿದ ಸೋಡಾ ಇಲ್ಲದ ಗಾಜಿನಿಂದ ಅದನ್ನು ಹೊರಗಿಟ್ಟಿದ್ದೆವು.

ಸೋಮವಾರ ಓದಿದೆ. ಒಂಬತ್ತು ಜನರ ಮುಂದೆ. ಆಮೇಲೆ ಎಲ್ಲರಿಗಿಂತ ಹಿರಿಯವರು ಎದ್ದು ತಮ್ಮ ಪುಸ್ತಕ ತಂದು, ಎರಡು ವರ್ಷದ ಹಿಂದಿನ ಪುಟ ತೆಗೆದು, "ನಂದೂ ಒಂದಿದೆ ಮೇಡಂ" ಎಂದರು. ಮೇಡಂ ತಲೆಯ ಮೇಲೆ ಕೈಯಿಟ್ಟುಕೊಂಡರು.

ಮೇಡಂ ನಿನ್ನನ್ನು ನೋಡಬೇಕಂತೆ. ಬರುತ್ತೀಯಾ?

ನಿನ್ನ
ಚೂರು

ಮರೆತ ಮಾತು: ಆ ಒಂದು ಸಾಲಿನ ಕಾಗದವನ್ನು ಹರಿದು ಹಾಕಿದೆ.


ಜುಲೈ 4

ಚೂರು,

ನೀನು ಸುಳ್ಳು ಬರೆದದ್ದಕ್ಕೆ ಬೈಯೋಣವೆಂದು ಕೂತೆ. ನನಗೇನು ಹಕ್ಕೆಂದು ಎದ್ದೆ. ಹಕ್ಕಿದೆ, ಸಾಕಿದವನು ನಾನು ಎಂದು ಮತ್ತೆ ಕೂತೆ. ಬೈದೆ ಎಂದುಕೋ. ಮುಗಿಯಿತು.

ಕಿವಿಯ ಮಷೀನು ಬಂದಿದೆ. ಅಂಗಡಿಯ ಬಾಗಿಲು ಇಷ್ಟು ವರ್ಷ ಹಾಗೆ ಕಿರುಚುತ್ತಿತ್ತೆಂದು ಯಾರೂ ನನಗೆ ಹೇಳಲಿಲ್ಲ. ಎಣ್ಣೆ ಬಿಟ್ಟೆ. ಗಾಜಿನ ಮೇಲೆ ವಜ್ರದ ಮೊನೆ ಓಡುವಾಗ ಸಣ್ಣಗೆ ಸಿಳ್ಳೆ ಹಾಕುತ್ತದಲ್ಲ, ಅದನ್ನು ಕೇಳಿ ಒಂದು ಗಳಿಗೆ ಕೈ ನಿಲ್ಲಿಸಿದೆ. ಕಲಿಯುವಾಗ ಆ ಸದ್ದಿನಿಂದಲೇ ಕಲಿತದ್ದು. ಇಷ್ಟು ದಿನ ಬರೀ ಬೆರಳ ನೆನಪಿನಿಂದ ಕತ್ತರಿಸುತ್ತಿದ್ದೆ. ಕನ್ನಡಿ ಉಜ್ಜುವಾಗ ನಾನು ಹಾಡುತ್ತೇನಲ್ಲ, ಅದನ್ನೂ ಕೇಳಿದೆ. ನಿಲ್ಲಿಸಿದ್ದೇನೆ. ಹದಿನೆಂಟು ವರ್ಷ ಹೇಗೆ ಸಹಿಸಿದೆಯೇ ತಾಯಿ?

ಇದೇ ಹದಿನೇಳಕ್ಕೆ ಬರುತ್ತೇನೆ. ಚೌಕಟ್ಟಿನವರಿಗೂ ಆ ಕಡೆ ಮರ ನೋಡುವ ಕೆಲಸವಿದೆಯಂತೆ. ಹೇಗೂ ಒಂದೇ ದಾರಿ, ಜೊತೆಗೆ ಬರುತ್ತಾರೆ. ಅಷ್ಟೆ.

ಇಂತಿ ನಿನ್ನ
ಚಿಕ್ಕಪ್ಪ


ಜುಲೈ 29

ಚಿಕ್ಕಪ್ಪ,

ನೀವಿಬ್ಬರೂ ಹೋದ ಮೇಲೆ ಲ್ಯಾಬು ಎರಡು ದಿನ ನಿನ್ನ ಮಾತನ್ನೇ ಆಡಿತು. ಮೇಡಂ ಈಗ ಯಾವ ಗಾಜು ಕೈಗೆ ಬಂದರೂ ಉಸಿರು ಬಿಟ್ಟು ನೋಡುತ್ತಾರೆ. ನಿನ್ನೆ ಅವರದೇ ಕನ್ನಡಕದ ಮೇಲೆ ಬಿಟ್ಟು, "ತೇಪೆ ತೇಪೆ" ಎಂದು ಬೇಸರ ಮಾಡಿಕೊಂಡರು. ನಿನಗೆ ಕೊಟ್ಟಿದ್ದ ಬಿಳಿ ಕೋಟು ಮೊಣಕೈಗೇ ನಿಂತಿತ್ತಲ್ಲ, ಅದು ಯಾರದೆಂದು ನೀನು ಕೇಳಿದ್ದೆ. ನನ್ನದು.

ತಾರಸಿಯ ಮೇಲೆ ಆ ಹದಿನಾಲ್ಕು ಪ್ಲೇಟು ಜೋಡಿಸಿ ಆಟಿಕೆಯ ಫ್ಯಾನು ತಿರುಗಿಸಿದೆವಲ್ಲ, ನೀನು ಅಂಗೈಯಿಂದ ಬಿಸಿಲು ಮರೆಮಾಡಿ ಫ್ಯಾನು ನಿಲ್ಲಿಸುವುದು, ಕೈ ತೆಗೆದು ಓಡಿಸುವುದು. ಹನ್ನೊಂದು ಸಲ ಮಾಡಿದೆ, ಎಣಿಸಿದ್ದೇನೆ. ಹನ್ನೆರಡನೆಯ ಸಲಕ್ಕೆ ಚೌಕಟ್ಟಿನವರು "ಸಾಕು, ಫ್ಯಾನಿಗೆ ಶೀತ ಆಗತ್ತೆ" ಎಂದರು. ನೀನು ತಕ್ಷಣ ಕೈ ತೆಗೆದೆ. ನಾನು ಹೇಳಿದರೆ ಯಾವತ್ತಾದರೂ ಹಾಗೆ ತೆಗೆದಿದ್ದೀಯಾ?

ಸಮಾವೇಶಕ್ಕೆ ನಾನೇ ಹೋಗಿ ಹೇಳಬೇಕಂತೆ, ಎಂಟು ವಾರದ ಕಥೆಯೂ ಸೇರಿ. ಹೆದರಿಕೆಯಿದೆ, ಆದರೆ ಬಚ್ಚಿಡುವ ಹೆದರಿಕೆಯಲ್ಲ.

ಒಂದು ಸಂದೇಹ ಉಳಿದಿದೆ. ಬೆಳಗಿನಿಂದ ಸಂಜೆಯವರೆಗೆ ಅವರು ನಮ್ಮ ಜೊತೆಗೇ ಇದ್ದರು. ಮರ ನೋಡಿದ್ದು ಯಾವಾಗ?

ನಿನ್ನ
ಚೂರು


ಆಗಸ್ಟ್ 9

ಚೂರು,

ಈ ಕಾಗದಕ್ಕೆ ಮುಂಚೆ ಮೂರು ಹಾಳೆ ಹರಿದಿದ್ದೇನೆ. ನಾಲ್ಕನೆಯದನ್ನು ಹರಿಯುವುದಿಲ್ಲ.

ನಿನ್ನಲ್ಲಿಂದ ಊರಿಗೆ ಮರಳಿದ ವಾರ ಚೌಕಟ್ಟಿನವರು ಕರಿಹಲಗೆ ತೆಗೆದು ಒಳಗಿಟ್ಟರು. ಬೆಳಿಗ್ಗೆ ಬಾಗಿಲು ತೆಗೆದು ಎದುರಿಗೆ ನೋಡಿದರೆ ಬರೀ ಗೋಡೆ. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಕೆಲಸ ಬಿಟ್ಟು ಬೀದಿ ದಾಟಿ ಹೋದೆ.

"ಹಲಗೆ ಯಾಕೆ ತೆಗೆದ್ರಿ?" ಎಂದೆ.

"ಈಗ ಕಿವಿ ಕೇಳ್ಸುತ್ತಲ್ಲ. ಏನಿದ್ರೂ ಇಲ್ಲಿಂದ್ಲೇ ಕೂಗಿದ್ರಾಯ್ತು" ಎಂದರು, ಮರ ಉಜ್ಜುತ್ತಲೇ.

"ಕೇಳ್ಸುತ್ತೆ. ಆದ್ರೂ ಬೀದಿ ಆ ಕಡೆಯಿಂದ ಈ ಕಡೆಗೆ ಎಷ್ಟು ದಿನ ಅಂತ ಕೂಗ್ತೀರಿ?"

ಅವರು ಉಜ್ಜುವುದು ನಿಲ್ಲಿಸಿದರು. "ಹಾಗಾದ್ರೆ ಏನ್ಮಾಡೋಣ ಅಂತೀರಿ?"

ನನಗೆ ಐವತ್ತೇಳು, ಅವರಿಗೆ ಐವತ್ತೆರಡು. ಆ ಪ್ರಶ್ನೆಗೆ ಉತ್ತರ ಹೇಳುವಷ್ಟು ಧೈರ್ಯ ಎಲ್ಲಿಂದ ಬಂತೋ ಕಾಣೆ. ಹೇಳಿದೆ. ಅವರು ಕೇಳಿ, "ಇಷ್ಟು ಮೆಲ್ಲಗೆ ಹೇಳಿದ್ರೆ ನಂಗೆ ಕೇಳ್ಸಲ್ಲ, ಇನ್ನೊಂದ್ಸಲ ಹೇಳಿ" ಎಂದರು. ಇನ್ನೊಂದು ಸಲ ಹೇಳಿದೆ. ಪಕ್ಕದ ಹಾಲಿನವರಿಗೂ ಕೇಳಿಸಿತಂತೆ.

ಬರುವ ತಿಂಗಳು ಆರನೇ ತಾರೀಕು ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ ನೋಂದಣಿ ಕಚೇರಿ. ಸಾಕ್ಷಿಗೆ ಸಹಿ ಹಾಕುವವರು ಬೇಕಂತೆ. ಅವರ ಕಡೆಯಿಂದ ಅವರ ಅಣ್ಣ ಬರುತ್ತಾರೆ. ನನ್ನ ಕಡೆಯಿಂದ ನಿನ್ನನ್ನು ಬಿಟ್ಟರೆ ಯಾರಿದ್ದಾರೆ? ನಿನಗೆ ಸರಿ ಅನ್ನಿಸದಿದ್ದರೆ ಅದನ್ನೂ ಬರೆ. ತಡ ಮಾಡಬೇಡ, ಏನಾದರೊಂದು ಬರೆ.

ಅಂದಹಾಗೆ ಅವರು ಮರ ನೋಡಲಿಲ್ಲ. ನಿನ್ನನ್ನು ನೋಡಲು ಬಂದಿದ್ದರು.

ಇಂತಿ ನಿನ್ನ
ಚಿಕ್ಕಪ್ಪ


ಆಗಸ್ಟ್ 13

ಚಿಕ್ಕಪ್ಪ,

ನಿನ್ನ ಕಾಗದ ಈಗಷ್ಟೇ ಬಂತು, ನಿಂತಲ್ಲೇ ಉತ್ತರ ಬರೆಯುತ್ತಿದ್ದೇನೆ. ಬರುತ್ತೇನೆ. ಮಂಗಳವಾರ ಸಂಜೆಯೇ ಬರುತ್ತೇನೆ. ನಿನ್ನ ಒಳ್ಳೆಯ ಅಂಗಿ ಎಲ್ಲಿದೆಯೆಂದು ನಿನಗೆ ಗೊತ್ತಿಲ್ಲ, ಬೀರುವಿನ ಕೆಳಗಿನ ಖಾನೆಯಲ್ಲಿ ಎಡಗಡೆ ಇದೆ. ಗುಂಡಿ ನಾನು ಬಂದು ಹೊಲಿಯುತ್ತೇನೆ, ನೀನು ಮುಟ್ಟಬೇಡ.

ಸುದ್ದಿ ಹೇಳಿದೆ. ಮೇಡಂ ಮೂರು ದಿನ ರಜೆ ಬರೆದುಕೋ ಎಂದರು. ನಾನು ಎರಡು ಸಾಕೆಂದೆ. "ಮದುವೆಗೆ ಮೂರು ದಿನಾನೇ" ಎಂದು ತಾವೇ ಬರೆದುಕೊಂಡರು.

ಈ ಲಕೋಟೆಯೊಳಗೆ ಇನ್ನೊಂದು ಚಿಕ್ಕ ಲಕೋಟೆ ಇದೆ. ಅದು ನಿನಗಲ್ಲ, ಚಿಕ್ಕಮ್ಮನಿಗೆ. ಭದ್ರವಾಗಿ ಅಂಟಿಸಿದ್ದೇನೆ. ಬಿಸಿಲಿಗೆ ಹಿಡಿದು ಓದಲು ನೋಡಬೇಡ, ಬೀದಿ ದಾಟಿ ಕೊಟ್ಟು ಬಾ.

ನಿಮ್ಮ
ಚೂರು